ದೊರೆ ಆಲ್ಮರನ ಊಟದ ಮೇಜು

ಸ್ಟಾಕ್‌ಹೋಮ್
4 ಸೆಪ್ಟೆಂಬರ್ 1988

ಮರಿತಾ,

ಒಂಬತ್ತು ವರ್ಷ ಆದಮೇಲೆ ಬರೀತಿದೀನಿ. ವಿಳಾಸ ನಿನ್ನ ತಮ್ಮನಿಂದ ಸಿಕ್ತು. ಕ್ಷೇಮ ಸಮಾಚಾರ ಕೇಳೋ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ನೇರ ವಿಷಯಕ್ಕೆ ಬರ್ತೀನಿ.

ಹೈಸ್ಕೂಲಲ್ಲಿದ್ದಾಗ ನಿಮ್ಮ ಮನೆ ನೆಲಮಾಳಿಗೆಯಲ್ಲಿ ಆಡ್ತಿದ್ದೆವಲ್ಲ, ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸ್ತಾ, ಇಲ್ಲದ ರಾಜ್ಯದಲ್ಲಿ ಅಲೆಯೋ ಆಟ? ಈಗ ಅದೇ ನನ್ನ ಹೊಟ್ಟೆಪಾಡು. ಇಲ್ಲೊಂದು ಚಿಕ್ಕ ಪ್ರಕಾಶನ ಆ ಆಟಕ್ಕೆ ಪುಸ್ತಕಗಳನ್ನ ತರುತ್ತೆ. ಕಥೆ, ನಕ್ಷೆ, ಊರುಗಳು, ಶತ್ರುಗಳು, ಎಲ್ಲಾ ಕಟ್ಟಿಕೊಡೋದು ನನ್ನ ಕೆಲಸ. ಅದನ್ನ ತಗೊಂಡು ಜನ ತಮ್ಮ ತಮ್ಮ ಮನೇಲಿ ಆಡ್ತಾರೆ. ಮಾರ್ಚ್ ಕೊನೆಗೆ ಹೊಸ ಪುಸ್ತಕ ಅಚ್ಚಿಗೆ ಹೋಗಬೇಕು. ನಕ್ಷೆ ಚೆನ್ನಾಗಿದೆ, ಊರುಗಳು ಚೆನ್ನಾಗಿವೆ. ವಿಲನ್ ಮಾತ್ರ ಹಾಳು.

ಹೆಸರು ಬೂದಿಯ ಒಡೆಯ. ನಾನೂರು ವರ್ಷ ವಯಸ್ಸು, ಕಪ್ಪು ಕವಚ, ಮೂಳೆ ಜೋಡಿಸಿದ ಸಿಂಹಾಸನ. ಪ್ರತಿ ಬುಧವಾರ ಸಂಜೆ ನಾಲ್ಕು ಜನರನ್ನ ಕೂರಿಸಿ ಆಡಿಸಿ ನೋಡ್ತೀನಿ. ಮೊನ್ನೆ ಇವನು ಮೊದಲ ಸಲ ಪ್ರತ್ಯಕ್ಷನಾದ. ನಾನು ದನಿ ಗಡುಸು ಮಾಡ್ಕೊಂಡು ಒಂದು ಪುಟ ಭಾಷಣ ಓದಿದೆ. ನಮ್ಮಲ್ಲಿ ಟೊರ್ಕೆಲ್ ಅಂತ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಇದಾನೆ, ಬಾಯಿಬಡುಕ. ಕೈಯೆತ್ತಿ ಕೇಳಿದ: "ಸ್ವಾಮೀ, ಆ ಮೂಳೆ ಮೇಲೆ ನಾನೂರು ವರ್ಷ ಕೂತಿದೀರಲ್ಲ, ಚುಚ್ಚಲ್ವಾ?" ಅಲ್ಲಿಗೆ ಮುಗೀತು. ಆಮೇಲೆ ಬೂದಿಯ ಒಡೆಯ ಬಾಯಿ ತೆಗೆದಾಗಲೆಲ್ಲ ಯಾರಾದರೊಬ್ಬರು ಅವನಿಗೆ ದಿಂಬು ಕೊಡ್ತಾರೆ.

ಎಪ್ಪತ್ತೊಂಬತ್ತರಲ್ಲಿ ನೀನು ಆಟ ನಡೆಸಿದಾಗ ಒಬ್ಬ ದೊರೆ ಆಲ್ಮರ್ ಇದ್ದ. ಕವಚ ಇರಲಿಲ್ಲ, ಕತ್ತಿ ಎತ್ತಿದ್ದೇ ಇಲ್ಲ. ಆದರೂ ಆ ನೆಲಮಾಳಿಗೆಯಲ್ಲಿ ಐದು ಜನ ಉಸಿರು ಬಿಗಿ ಹಿಡಿದು ಕೂತಿದ್ವಿ. ಅಂಥ ವಿಲನ್‌ನ ನಾನು ಆಮೇಲೆ ಎಲ್ಲೂ ನೋಡಿಲ್ಲ, ಬೇರೆಯವರ ಪುಸ್ತಕದಲ್ಲೂ ನೋಡಿಲ್ಲ. ಅವನನ್ನ ಹೇಗೆ ಕಟ್ಟಿದೆ?

ಆವತ್ತು ಆಟದ ಮಧ್ಯೆ ನಾನು ಎದ್ದು ಹೋದದ್ದರ ಬಗ್ಗೆ ಬರೀತಿಲ್ಲ. ನಿನ್ನನ್ನ ಕೇಳ್ತಿರೋದು ಕಸುಬಿನ ವಿಷಯ ಮಾತ್ರ.

ಇಂತಿ,
ಇಂಗೆಲಾ

•

ಹೆರ್ನೊಸಾಂಡ್
19 ಸೆಪ್ಟೆಂಬರ್ 1988

ಇಂಗೆಲಾ,

ಬದುಕಿದೀಯಲ್ಲ ಮಾರಾಯ್ತಿ! ನಿನ್ನ ಕಾಗದ ನೋಡಿ ಮೊದಲು ಬಂದದ್ದು ಸಿಟ್ಟು. ಆಮೇಲೆ ಆ ದಿಂಬಿನ ವಿಷಯ ಓದಿ ನಕ್ಕುಬಿಟ್ಟೆ. ನಕ್ಕ ಮೇಲೆ ಸಿಟ್ಟು ಮಾಡೋಕೆ ಬರಲ್ಲ ನಂಗೆ.

ಕ್ಷೇಮ ಸಮಾಚಾರ ನೀನು ಕೇಳದಿದ್ರೂ ಹೇಳ್ತೀನಿ. ಊರು ಬಿಟ್ಟಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ ಕೆಲಸ. ಇಡೀ ದಿನ ಬಾಯಿ ತೆಗೆದುಕೊಂಡು ಕೂತವರ ಜತೆ ಮಾತು, ಅವರು ತಿರುಗಿ ಏನೂ ಅನ್ನೋ ಹಾಗಿಲ್ಲ. ನನಗೆ ಹೇಳಿ ಮಾಡಿಸಿದ ಕೆಲಸ ಅಂತ ಸ್ಟೆಲ್ಲಾನ್ ಹೇಳ್ತಾನೆ. ಸ್ಟೆಲ್ಲಾನ್ ನನ್ನ ಗಂಡ, ಬಂದರಿನಲ್ಲಿ ಕ್ರೇನ್ ಓಡಿಸ್ತಾನೆ. ಇಬ್ಬರು ಹೆಣ್ಣುಮಕ್ಕಳು. ಆಟ ಬಿಟ್ಟು ಐದು ವರ್ಷ ಆಯ್ತು.

ಇನ್ನು ನಿನ್ನ ಬೂದಿಯ ಒಡೆಯ. ಅವನು ಬೆಳಗ್ಗೆ ಎದ್ದು ಏನು ಮಾಡ್ತಾನೆ, ಹೇಳು ನೋಡೋಣ? ಗೊತ್ತಿಲ್ಲ ತಾನೆ? ಆಟದವರು ಬರೋ ತನಕ ಆ ಮೂಳೆ ಮೇಲೆ ಸುಮ್ಮನೆ ಕೂತಿರ್ತಾನೆ. ನಾಟಕದಲ್ಲಿ ತನ್ನ ಸರದಿಗೆ ಕಾಯ್ತಾ ಕೂತ ನಟ ಅವನು. ಅಂಥವನಿಗೆ ಯಾರು ಹೆದರ್ತಾರೆ? ಆಲ್ಮರನಿಗೆ ಕೈತುಂಬ ಕೆಲಸ ಇತ್ತು. ಸೇತುವೆ ಕಟ್ಟಿಸ್ತಿದ್ದ, ವ್ಯಾಜ್ಯ ಬಿಡಿಸ್ತಿದ್ದ, ಯಾರ ಮನೆ ಹಸು ಕಾಯಿಲೆ ಬಿದ್ದಿದೆ ಅಂತ ವಿಚಾರಿಸ್ತಿದ್ದ. ಆಟದವರು ಅವನ ಮನೆಗೆ ಹೋದಾಗ ಅವನು ಬೇರೇನೋ ಮಾಡ್ತಿದ್ದ, ಇವರಿಗೋಸ್ಕರ ಅದನ್ನ ಬದಿಗಿಟ್ಟು ಬಂದ. ನೆನಪಿದೆಯಾ? ಮೊದಲು ಉಪಕಾರ ಮಾಡಿದ. ಬೇಡ ಅನ್ನೋಕಾಗದಂಥ ಉಪಕಾರ. ನಿಮಗೆಲ್ಲ ಅವನು ಇಷ್ಟವಾದ. ಹೆದರಿಕೆ ಆಮೇಲೆ ಬಂತು, ಅವನಿಂದ ಅಲ್ಲ, 'ಅಯ್ಯೋ ಇವನನ್ನ ನಾವು ಇಷ್ಟಪಟ್ಟೆವಲ್ಲ' ಅನ್ನೋದರಿಂದ.

ಇನ್ನೊಂದು. ತಾನು ಕೆಟ್ಟವನು ಅಂತ ಅವನಿಗೆ ಗೊತ್ತಿರಬಾರದು. ಗೊತ್ತಿದ್ದು ಮಾಡೋನು ಬರೀ ಪುಂಡ. ಎಲ್ಲರಿಗೂ ಒಳ್ಳೇದಾಗೋದು ಯಾವುದರಿಂದ ಅಂತ ತನಗೊಬ್ಬನಿಗೇ ಗೊತ್ತು ಅಂದುಕೊಂಡಿರೋನನ್ನ ಕತ್ತಿ ಹಿಡ್ಕೊಂಡು ಎದುರಿಸು ನೋಡೋಣ.

ಕಸುಬಿನ ವಿಷಯ ಇಷ್ಟೇ. ಆದರೆ ಹೇಗೆ ಕಟ್ಟಿದೆ ಅಂತ ಕೇಳಿದೀಯ, ಸುಳ್ಳು ಹೇಳಲಾರೆ. ನಾನು ಕಟ್ಟಲಿಲ್ಲ ಕಣೇ. ನೋಡಿ ಬರೆದೆ. ನಾಲ್ಕು ವರ್ಷ ಪ್ರತಿ ಗುರುವಾರ ನಿಮ್ಮ ಮನೇಲಿ ಊಟ ಮಾಡಿದೀನಿ, ನಿಮ್ಮ ಹಿಲ್ಡಿಂಗ್ ಅವರ ಎದುರು ಕುರ್ಚಿಯಲ್ಲಿ. ನಿನಗೂ ಇದು ಆವತ್ತೇ ಗೊತ್ತಾಯ್ತು. ಅದಕ್ಕೇ ಎದ್ದು ಹೋದೆ.

ಮರಿತಾ

•

ಸ್ಟಾಕ್‌ಹೋಮ್
27 ಸೆಪ್ಟೆಂಬರ್ 1988

ಮರಿತಾ,

ಅಪ್ಪ ಸತ್ತಾಗ ನನಗೆ ಐದು. ನನಗೆ ಒಂಬತ್ತು ತುಂಬಿದಾಗ ಅಮ್ಮ ಹಿಲ್ಡಿಂಗ್ ಅವರನ್ನ ಮದುವೆಯಾದಳು. ಅವರು ಯಾವತ್ತೂ ಕುಡಿದು ಬಂದವರಲ್ಲ, ಕೈ ಎತ್ತಿದವರಲ್ಲ, ದನಿ ಕೂಡ ಏರಿಸಿದವರಲ್ಲ. ನನ್ನನ್ನ ಓದಿಸಿದ್ರು. ಹಿಮ ಬೀಳುವಾಗ ನಿನ್ನನ್ನ ಎಷ್ಟು ಸಲ ಕಾರಲ್ಲಿ ಮನೆಗೆ ಬಿಟ್ಟು ಬಂದಿಲ್ಲ ಅವರು? ಅಂಥವರನ್ನ ನೀನು ನಾಲ್ಕು ಹುಡುಗರ ಮುಂದೆ ರಾಕ್ಷಸನ ಮಾಡಿದೆ. ಅವರ ಮಾತಿನ ಧಾಟಿ, ಆ ಕೆಮ್ಮು, 'ಅಲ್ಲವೇ ನನ್ನ ಚಿನ್ನ' ಅನ್ನೋದು, ಎಲ್ಲ ಹಾಗ್ಹಾಗೇ. ಹುಡುಗರು ನನ್ನ ಕಡೆ ನೋಡಿದ್ರು.

ಸಲಹೆಗೆ ಥ್ಯಾಂಕ್ಸ್. ಬೆಳಗ್ಗೆ ಎದ್ದು ಏನು ಮಾಡ್ತಾನೆ ಅನ್ನೋದನ್ನ ಉಪಯೋಗಿಸ್ತೀನಿ. ಮಿಕ್ಕದ್ದು ಬೇಡ.

ಇಂಗೆಲಾ

•

ಸ್ಟಾಕ್‌ಹೋಮ್
30 ಅಕ್ಟೋಬರ್ 1988

ಮರಿತಾ,

ನೀನು ಉತ್ತರ ಬರೆದಿಲ್ಲ, ಬರೆಯೋ ಹಾಗೆ ನಾನೂ ಬರೆದಿರಲಿಲ್ಲ. ಆದರೂ ಇದನ್ನ ನಿನಗೊಬ್ಬಳಿಗೇ ಹೇಳೋಕಾಗೋದು.

ಬೂದಿಯ ಒಡೆಯನನ್ನ ಕಿತ್ತು ಹಾಕಿದೆ. ಹೊಸದಾಗಿ ಒಬ್ಬ ದೊರೆಯನ್ನ ಬರೆದೆ. ಹೆಸರು ಹುಡುಕೋಕೆ ಹೋಗಲಿಲ್ಲ, ಆಲ್ಮರ್ ಅಂತಲೇ ಇಟ್ಟೆ. ನೀನು ಬೇಡ ಅಂದ್ರೆ ಬದಲಾಯಿಸ್ತೀನಿ. ಹೋದ ಬುಧವಾರ ಆಟದವರು ಮಳೇಲಿ ತೊಯ್ದು ಅವನ ಮನೆಗೆ ಬಂದ್ರು. ಅವನು ತಾನೇ ಬಾಗಿಲು ತೆಗೆದ. ಯಾರ ಬೂಟು ಸೋರ್ತಿದೆ ಅಂತ ಕಂಡುಹಿಡಿದು ಹೊಲಿಸೋಕೆ ಕಳಿಸಿದ. ಟೊರ್ಕೆಲ್‌ಗೆ ಬೆಂಕಿ ಹತ್ತಿರದ ಕುರ್ಚಿ. ಊಟಕ್ಕೆ ಕೂತಾಗ ಎಲ್ಲರ ಹೆಸರೂ ಅವನಿಗೆ ಬಾಯಿಪಾಠ. ಅರ್ಧ ಗಂಟೇಲಿ ಟೊರ್ಕೆಲ್ "ಇವನು ಒಳ್ಳೆ ಮನುಷ್ಯ ಕಣ್ರೋ, ಇವನಿಗೆ ಏನು ಸಹಾಯ ಬೇಕೋ ಮಾಡೋಣ" ಅಂದ. ದಿಂಬಿನ ಮಾತು ಯಾರೂ ಎತ್ತಲಿಲ್ಲ.

ಮೇಜಿನ ಆ ತುದಿಗೆ ಅವನ ಹೆಂಡತಿ ದೊರೆಸಾನಿ ಆಲ್ವಿಲ್ಡ್ ಇದ್ಲು. ಅವಳ ಬಗ್ಗೆ ನಾನು ಒಂದೇ ಸಾಲು ಬರೆದಿಟ್ಟಿದ್ದೆ: 'ಐವತ್ತು ದಾಟಿದವಳು, ಸೌಮ್ಯ.' ಆಟದವರನ್ನ ಬಿಟ್ಟು ಮಿಕ್ಕ ಎಲ್ಲರ ದನೀನೂ ಆಟ ನಡೆಸೋ ನಾನೇ ಆಡಬೇಕಲ್ಲ. ಅವಳು "ಆ ಹಳೇ ಗಿರಣಿ ಹತ್ತಿರ" ಅಂತ ಶುರು ಮಾಡಿದ್ಲು. ದೊರೆ "ಹೋಗಬೇಡಿ, ನೆಲ ಕುಸಿದಿದೆ, ಅದನ್ನೇ ಹೇಳ್ತಿದಾಳೆ" ಅಂದ. ಸ್ವಲ್ಪ ಹೊತ್ತಾದ ಮೇಲೆ "ನಾನು ಚಿಕ್ಕವಳಿದ್ದಾಗ" ಅಂದ್ಲು. "ಇವಳಪ್ಪನಿಗೆ ಕುದುರೆ ಹುಚ್ಚು" ಅಂತ ಅವನು ಮುಗಿಸಿದ. ನಾನು ಇದನ್ನ ಬರೆದಿರಲಿಲ್ಲ ಮರಿತಾ, ಯೋಚನೆ ಕೂಡ ಮಾಡಿರಲಿಲ್ಲ. ಬಾಯಿಗೆ ತಾನಾಗಿ ಬರ್ತಿತ್ತು.

ಹೆನ್ನಿಂಗ್ ಅಂತ ಒಬ್ಬರಿದಾರೆ, ಅಂಚೆಯವರು, ಐವತ್ತರ ಹತ್ತಿರ. ಆಟದಲ್ಲಿ ಹತ್ತು ಮಾತಾಡಿದ್ರೆ ಹೆಚ್ಚು. ಅವರು ಹೇಳಿದ್ರು: "ದೊರೆ ಕುದುರೆ ನೋಡೋಕೆ ಹೊರಗೆ ಹೋಗೋ ತನಕ ನಾನು ಇಲ್ಲೇ ಇರ್ತೀನಿ. ಆಮೇಲೆ ಆಯಮ್ಮನ್ನ ಕೇಳ್ತೀನಿ, ನೀವು ಏನು ಹೇಳಬೇಕು ಅಂತಿದ್ರಿ ಅಂತ."

ಎಲ್ಲರೂ ನನ್ನ ಮುಖ ನೋಡಿದ್ರು. ಅವಳ ಉತ್ತರ ನಾನು ಹೇಳಬೇಕು. "ಕಾಫಿ ಮಾಡ್ತೀನಿ" ಅಂತ ಎದ್ದು ಅಡುಗೆಮನೆಗೆ ಹೋಗಿ ನಿಂತೆ. ಇಪ್ಪತ್ತೇಳು ವರ್ಷದಿಂದ ಆ ಹೆಂಗಸನ್ನ ನೋಡಿದೀನಿ, ಅವಳು ಒಬ್ಬಳೇ ಇದ್ದಾಗ ಏನು ಹೇಳ್ತಾಳೆ ಅಂತ ನನಗೆ ಗೊತ್ತಿಲ್ಲ. ಭಾನುವಾರ ಭಾನುವಾರ ಅಮ್ಮನಿಗೆ ಫೋನ್ ಮಾಡ್ತೀನಿ, ಎರಡನೇ ಮಾತಿಗೆ ಮಹಡಿ ಮೇಲಿನ ಫೋನ್ ಎತ್ತಿದ ಸದ್ದು ಕೇಳುತ್ತೆ. ಅದನ್ನ ನಾನು ಯಾವತ್ತೂ ತಪ್ಪು ತಿಳ್ಕೊಂಡಿರಲಿಲ್ಲ. ಹಿಲ್ಡಿಂಗ್ ಅವರಿಗೂ ನನ್ನ ಮೇಲೆ ಪ್ರೀತಿ, ಅದಕ್ಕೆ ಎತ್ತುತಾರೆ ಅಂದ್ಕೊಂಡಿದ್ದೆ.

ನೀನು ಅಲ್ಲೇ ಇದೀಯ. ಅಮ್ಮ ಕಣ್ಣಿಗೆ ಬೀಳ್ತಾಳಾ?

ಇಂಗೆಲಾ

•

ಹೆರ್ನೊಸಾಂಡ್
8 ನವೆಂಬರ್ 1988

ಇಂಗೆಲಾ,

ಹೆಸರು ಇಟ್ಕೋ. ಆಲ್ಮರನಿಗೆ ನಾನೇನೂ ಬೇಲಿ ಹಾಕಿಟ್ಟಿಲ್ಲ.

ಮೊದಲು ನಾನು ಹೇಳಬೇಕಾದ್ದು. ಆಗ ನಾನು ಹದಿನೆಂಟರ ಬುದ್ಧಿವಂತೆ. ನಿಮ್ಮ ಮನೆ ವಿಷಯ ನನ್ನ ಹೊಟ್ಟೇಲಿ ಕೂತಿತ್ತು. ಶಾಲೆ ಮುಂದಿನ ಬೆಂಚಿನ ಮೇಲೆ ನಿನ್ನನ್ನ ಕೂರಿಸಿ, 'ಇಂಗೆಲಾ, ನಿಮ್ಮಮ್ಮ ಊಟದ ಮೇಜಲ್ಲಿ ಒಂದು ಮಾತನ್ನೂ ಪೂರ್ತಿ ಆಡಿದ್ದನ್ನ ನಾನು ನೋಡಿಲ್ಲ' ಅಂತ ಹೇಳಬಹುದಿತ್ತು. ಹೇಳೋಕೆ ಧೈರ್ಯ ಬರಲಿಲ್ಲ. ಅದಕ್ಕೇ ಆಟದೊಳಗೆ ಹಾಕಿದೆ. ಆ ಹುಡುಗರು ನಿನ್ನ ಕಡೆ ನೋಡಿದಾಗ ನಿನ್ನ ಮುಖ ನೋಡಿದೆನಲ್ಲ, ಆಮೇಲೆ ಆಟ ನಡೆಸೋಕೆ ಮನಸ್ಸೇ ಬರಲಿಲ್ಲ. ತಪ್ಪು ನಂದು.

ಈಗ ನಿನ್ನ ಪ್ರಶ್ನೆ. ಹೋದ ತಿಂಗಳು ನಿಮ್ಮಮ್ಮ ನಮ್ಮಲ್ಲಿಗೆ ಬಂದಿದ್ರು. ಹಲ್ಲು ನೋವು. ಹಿಲ್ಡಿಂಗ್ ಅವರೂ ಜತೆಗೇ ಒಳಗೆ ಬಂದು, ಕುರ್ಚಿ ಪಕ್ಕ ನಿಂತ್ರು. ಡಾಕ್ಟರು "ಎಲ್ಲಿ ನೋವು ದಾಗ್ನಿ ಅವರೇ?" ಅಂತ ಕೇಳಿದ್ರು. "ಎಡಗಡೆ, ಮೇಲಿನ ಸಾಲು, ಒಂದು ವಾರದಿಂದ" ಅಂತ ಹಿಲ್ಡಿಂಗ್ ಹೇಳಿದ್ರು. ಡಾಕ್ಟರು ಎಡಗಡೆ ಒಂದೊಂದಾಗಿ ತಟ್ಟಿದ್ರು, ಏನೂ ಇಲ್ಲ. ಅಭ್ಯಾಸಬಲದಿಂದ ಬಲಗಡೆಗೂ ಒಮ್ಮೆ ತಟ್ಟಿದಾಗ ನಿಮ್ಮಮ್ಮನ ಕಾಲು ಕುರ್ಚಿಯಿಂದ ಎಗರಿತು. ಬಲಗಡೆ ಕೆಳಗಿನ ದವಡೆ ಹಲ್ಲು, ಬೇರಿನ ತನಕ ಕೊಳೆತಿತ್ತು. ಇವರು ತಪ್ಪು ಜಾಗ ಹೇಳಿದಾಗ ನಿಮ್ಮಮ್ಮ ಬಾಯಿಬಿಡಲಿಲ್ಲ ಕಣೇ. ಒಳ್ಳೇ ಹಲ್ಲನ್ನೇ ಕಿತ್ತಿದ್ರೂ ಸುಮ್ಮನಿರ್ತಿದ್ರೇನೋ.

ಇನ್ನೆರಡು ಸಲ ಬರಬೇಕು ಅವರು. ಮುಂದಿನದು 29ನೇ ತಾರೀಖು, ಮಂಗಳವಾರ, ಮಧ್ಯಾಹ್ನ ಒಂದೂವರೆಗೆ. ಜತೆಗೆ ಬಂದವರು ಹೊರಗೆ ಕೂರಬೇಕು ಅಂತ ಹೊಸ ನಿಯಮ ಬಂದಿದೆ. ಆ ನಿಯಮ ಈಗ ತಾನೆ ನಾನು ಮಾಡಿದ್ದು. ಡಾಕ್ಟರಿಗೆ ಹೇಳಿದೀನಿ, ಅವರೂ ಆವತ್ತು ನೋಡಿದಾರಲ್ಲ, ಒಪ್ಪಿದ್ರು. ಕೆಲಸ ಇಪ್ಪತ್ತು ನಿಮಿಷದ್ದು. ಒಂದು ಗಂಟೆ ಹಿಡಿಯುತ್ತೆ ಅಂತ ಹೊರಗೆ ಹೇಳ್ತೀನಿ. ಹಿಂದುಗಡೆ ಬಾಗಿಲು ಅಂಗಳದ ಕಡೆಗಿದೆ.

ಬರ್ತೀಯ ತಾನೆ?

ಮರಿತಾ

•

ಸ್ಟಾಕ್‌ಹೋಮ್
2 ಡಿಸೆಂಬರ್ 1988

ಮರಿತಾ,

ಹೊರಡುವಾಗ ಸರಿಯಾಗಿ ಹೇಳಿ ಹೋಗೋಕಾಗಲಿಲ್ಲ. ಬಾಗಿಲಾಚೆ ನೀನು ಹಿಲ್ಡಿಂಗ್ ಅವರನ್ನ ಮಾತಿಗೆ ಹಿಡಿದಿಟ್ಟಿದ್ದೆ, ಒಳಗೆ ಏನಾಯ್ತು ಅಂತ ನಿನಗೆ ಗೊತ್ತಿಲ್ಲ. ಹೇಳ್ತೀನಿ.

ಡಾಕ್ಟರು ಕೈ ತೊಳೆದುಕೊಂಡು ಆಚೆ ಕೋಣೆಗೆ ಹೋದ್ರು. ಅಮ್ಮನ ಅರ್ಧ ಬಾಯಿ ಮರಗಟ್ಟಿತ್ತು, ಕೆನ್ನೇಲಿ ಹತ್ತಿ. ನನ್ನನ್ನ ನೋಡಿ ಬೆಚ್ಚಲಿಲ್ಲ. "ತೆಳ್ಳಗಾಗಿದೀಯ" ಅಂದ್ಲು. ಎಲ್ಲ ಬಿಟ್ಟು ಅದನ್ನ! ನಾನು ಸ್ಟೂಲು ಎಳ್ಕೊಂಡು ಕೂತು ಕೇಳಿದೆ: "ಅಮ್ಮ, ನೀನು ಏನು ಹೇಳಬೇಕು ಅಂತಿದ್ದೆ?"

"ಯಾವಾಗ?"

"ಯಾವಾಗಾದ್ರೂ."

ಅವಳು ಕಿಟಕಿ ಕಡೆ ನೋಡಿದ್ಲು. ಎಷ್ಟು ಹೊತ್ತು ಅಂದ್ರೆ, ಕೇಳಿಸಿತೋ ಇಲ್ಲವೋ ಅಂದ್ಕೊಂಡೆ. ಆಮೇಲೆ ಮೆಲ್ಲಗೆ, ಆ ದಪ್ಪ ನಾಲಿಗೇಲಿ, "ನಂಗೆ ಕಾಫಿಗೆ ಸಕ್ಕರೆ ಹಿಡಿಸಲ್ಲ. ಹದಿನೆಂಟು ವರ್ಷದಿಂದ ಎರಡು ಉಂಡೆ ಹಾಕಿ ಕೊಡ್ತಾರೆ" ಅಂದ್ಲು. ನನಗೆ ನಗೂನೂ ಬಂತು, ಅಳೂನೂ ಬಂತು. "ಅವರು ಕೆಟ್ಟವರಲ್ಲ ಇಂಗೆಲಾ. ಅದೇ ಕಷ್ಟ. ಹೊಡೆದಿದ್ರೆ ಮೊದಲನೇ ವರ್ಷವೇ ಹೊರಟುಬಿಡ್ತಿದ್ದೆ. ಏನಂತ ಹೇಳ್ಕೊಂಡು ಹೊರಡಲಿ? ಸಕ್ಕರೆ ಹಾಕ್ತಾರೆ ಅಂತಲಾ?"

ಅಷ್ಟು ಸಾಕಾಯ್ತು ನನಗೆ. ಎದ್ದು ನಿಂತೆ. "ಅಮ್ಮ, ಮೂರು ಗಂಟೆಗೆ ರೈಲಿದೆ. ಹಿಂದಿನ ಬಾಗಿಲಿಂದ ಹೋಗೋಣ. ಬಟ್ಟೆ ಆಮೇಲೆ ತರಿಸಿದ್ರಾಯ್ತು, ನನ್ನ ಕೋಣೆ ನಿನಗೆ, ನಾನು ಸೋಫಾ ಮೇಲೆ ಮಲಗ್ತೀನಿ, ಕೆಲಸ ಬೇಕು ಅಂದ್ರೆ ನಮ್ಮ ಬೀದಿಯಲ್ಲೇ ಒಬ್ಬ ದರ್ಜಿ ಇದಾನೆ, ವಿಚಾರಿಸಿದೀನಿ" ಅಂತ ಒಂದೇ ಉಸಿರಿಗೆ ಹೇಳಿ ಚೀಲದಿಂದ ಎರಡು ಟಿಕೆಟ್ ತೆಗೆದು ತೋರಿಸಿದೆ.

ಅಮ್ಮ ಟಿಕೆಟ್ ಕೈಗೆ ತಗೊಂಡು, ಕನ್ನಡಕ ಹಾಕ್ಕೊಂಡು ಓದಿದ್ಲು. "ನನಗೂ ತಗೊಂಡಿದೀಯ."

"ಹೂಂ."

"ಕೇಳದೆ."

ನಾನು ಮತ್ತೆ ಸ್ಟೂಲಿನ ಮೇಲೆ ಕೂತೆ.

"ನಾನು ಎಲ್ಲಿ ಮಲಗಬೇಕು, ಯಾರ ಅಂಗಡೀಲಿ ಹೊಲೀಬೇಕು, ಎಲ್ಲಾ ಗೊತ್ತಾಗಿದೆ ನಿನಗೆ" ಅಂದ್ಲು. ಸಿಟ್ಟಿರಲಿಲ್ಲ. ಮಾಮೂಲು ದನಿ. "ಅವರ ಮನೇಲೇ ಬೆಳೆದೋಳು ನೀನು, ಅವರ ಹಾಗೇ ಮಾತಾಡ್ತೀಯ. ಇವತ್ತು ಬೇಡ. ಎಳ್ಕೊಂಡು ಹೋಗಬೇಡ ನನ್ನ."

ಟಿಕೆಟ್ ವಾಪಸು ಕೊಟ್ಟು, ಕುರ್ಚಿ ಮೇಲೆ ಒರಗಿ, ನಿನ್ನನ್ನ ಕರೀಲಿಕ್ಕೆ ಹೇಳಿದ್ಲು.

ರೈಲಲ್ಲಿ ಪಕ್ಕದ ಸೀಟು ಖಾಲಿ ಇಟ್ಕೊಂಡು ಬಂದೆ. ದಾರಿಯ ಮನೆಗಳ ಕಿಟಕಿ ಕಿಟಕಿಯಲ್ಲೂ ಕ್ರಿಸ್ಮಸ್ ಮುಂಚಿನ ನಕ್ಷತ್ರ ದೀಪ. ದೊರೆ ಆಲ್ಮರ್ ನನಗೆ ಯಾಕೆ ಅಷ್ಟು ಸಲೀಸಾಗಿ ಬಾಯಿಗೆ ಬರ್ತಿದ್ದ ಅಂತ ಈಗ ಗೊತ್ತಾಯ್ತು.

ಇಂಗೆಲಾ

•

ಹೆರ್ನೊಸಾಂಡ್
12 ಡಿಸೆಂಬರ್ 1988

ಇಂಗೆಲಾ,

ಹೊರಗಡೆ ಏನಾಯ್ತು ಅಂತ ನೀನು ಕೇಳಬೇಕು. ಅವರು ಬಂದು ಕೂತ ಐದು ನಿಮಿಷಕ್ಕೆ ನಮ್ಮ ಕೋಟು ನೇತುಹಾಕೋ ಗೂಟ ಅಲ್ಲಾಡ್ತಿದೆ ಅಂತ ಕಂಡುಹಿಡಿದ್ರು. ಜೇಬಿಂದ ಚಾಕು ತೆಗೆದು ತಿರುಪು ಬಿಗಿ ಮಾಡಿದ್ರು. ಎರಡು ವರ್ಷದಿಂದ ಅಲ್ಲಾಡ್ತಿತ್ತು ಅದು. ಆಮೇಲೆ ನನ್ನ ಮಕ್ಕಳ ವಿಷಯ, ಹೆಸರು ಹಿಡಿದು ಕೇಳಿದ್ರು. ಒಳಗೆ ನಿನ್ನ ದನಿ ಏರಿತಲ್ಲ, ಆಗ ತಲೆ ಎತ್ತಿ "ಯಾರದು?" ಅಂದ್ರು. "ರೇಡಿಯೋ" ಅಂದೆ. "ದಾಗ್ನಿಗೆ ರೇಡಿಯೋ ಗಲಾಟೆ ಆಗಲ್ಲ, ಸ್ವಲ್ಪ ಸಣ್ಣಗೆ ಮಾಡಿ" ಅಂದ್ರು. ಎಷ್ಟು ಕಾಳಜಿ ನೋಡು! ಅವರು ಹೋದಮೇಲೂ ಆ ಗೂಟ ನೋಡಿದಾಗಲೆಲ್ಲ ಥ್ಯಾಂಕ್ಸ್ ಹೇಳಬೇಕು ಅನ್ನಿಸುತ್ತೆ. ಇದನ್ನ ನಿನ್ನ ಪುಸ್ತಕದಲ್ಲಿ ಬರಿ.

ನೀನು ನಿನ್ನನ್ನೇ ಚಚ್ಚಿಕೊಳ್ಳಬೇಡ. ಟಿಕೆಟ್ ತಗೊಂಡದ್ದು ತಪ್ಪು, ಬಂದದ್ದು ತಪ್ಪಲ್ಲ. ಎರಡೂ ಒಂದೇ ಅಂದ್ಕೊಂಡು ಮತ್ತೆ ಒಂಬತ್ತು ವರ್ಷ ಮಾಯ ಆಗ್ಬೇಡ.

ನಿಮ್ಮಮ್ಮ ಜನವರಿ ಕೊನೆಗೆ ಹಲ್ಲಿನ ಟೋಪಿ ಹಾಕಿಸ್ಕೊಳ್ಳೋಕೆ ಬರ್ತಾರೆ. ಏನಾದ್ರೂ ಬರೆದು ನನಗೆ ಕಳಿಸು, ಕೈಗೆ ಕೊಡ್ತೀನಿ. ಬುದ್ಧಿಮಾತು ಬರೀಬೇಡ.

ಮರಿತಾ

•

ಸ್ಟಾಕ್‌ಹೋಮ್
20 ಜನವರಿ 1989

ಅಮ್ಮ,

ಇದನ್ನ ಮರಿತಾ ಕೊಡ್ತಾಳೆ. ಓದಿ ಅಲ್ಲೇ ಬಿಟ್ಟು ಹೋಗಬಹುದು.

ಆವತ್ತು ಟಿಕೆಟ್ ತಂದದ್ದಕ್ಕೆ ಕ್ಷಮಿಸು. ಯಾವ ಊರು, ಯಾವ ಮನೆ ಅಂತ ನಾನಿನ್ನು ಯೋಚನೆ ಮಾಡಲ್ಲ. ನೀನು ಇದ್ದಲ್ಲೇ ಇರ್ತೀನಿ ಅಂದ್ರೂ ಅದು ನಿನ್ನದೇ ತೀರ್ಮಾನ.

ನಾನೊಂದು ಪುಸ್ತಕ ಬರೀತಿದೀನಿ, ನಿನಗೆ ಗೊತ್ತು. ಅದರಲ್ಲಿ ಆಲ್ವಿಲ್ಡ್ ಅನ್ನೋ ಹೆಂಗಸು ಇದಾಳೆ. ಅವಳ ಗಂಡ ದೊರೆ, ಬಹಳ ಉಪಕಾರಿ. ಅವಳ ಮಾತನ್ನೆಲ್ಲ ಅವನೇ ಮುಗಿಸ್ತಾನೆ. ಒಬ್ಬ ಅತಿಥಿ, ದೊರೆ ಇಲ್ಲದ ಹೊತ್ತು ನೋಡಿ, 'ನೀವು ಏನು ಹೇಳಬೇಕು ಅಂತಿದ್ರಿ?' ಅಂತ ಕೇಳ್ತಾನೆ. ಆ ಪುಟ ಜತೆಗೆ ಇಟ್ಟಿದೀನಿ. ಅವಳ ಉತ್ತರದ ಜಾಗ ಖಾಲಿ ಬಿಟ್ಟಿದೀನಿ. ನಾಲ್ಕು ಸಲ ಬರೆದೆ, ನಾಲ್ಕೂ ನನ್ನ ಮಾತಾಗಿತ್ತು.

ಅವಳು ಏನು ಹೇಳ್ತಾಳೆ ಅಂತ ನಿನಗೆ ತೋಚಿದ್ರೆ ಬರಿ. ಅವಸರ ಇಲ್ಲ.

ಇಂಗೆಲಾ

•

ಹೆರ್ನೊಸಾಂಡ್
6 ಮಾರ್ಚ್ 1989

ಪ್ರಿಯ ಇಂಗೆಲಾ,

ನೀನು ಆರೋಗ್ಯವಾಗಿರುವೆ ಎಂದು ನಂಬಿದ್ದೇನೆ. ಕಳೆದ ತಿಂಗಳ 27ರಂದು ನಿನ್ನ ತಾಯಿ ಕೆಲವು ದಿನಗಳ ವಿಶ್ರಾಂತಿಗೆಂದು ಮನೆಯಿಂದ ಹೋಗಿದ್ದಾಳೆ. ಈ ಸುದ್ದಿ ಬೇರೆಯವರ ಬಾಯಿಂದ ತಿಳಿದು ನೀನು ಗಾಬರಿಯಾಗಬಾರದೆಂದು ಬರೆಯುತ್ತಿದ್ದೇನೆ. ಗಾಬರಿಗೆ ಕಾರಣವಿಲ್ಲ. ಹಲ್ಲಿನ ಚಿಕಿತ್ಸೆಯ ನಂತರ ಅವಳಿಗೆ ಬಹಳ ದಣಿವಾಗಿದೆ. ಅವಳು ಹೊರಡುವಾಗ ಆಡಿದ ಕೆಲವು ಮಾತುಗಳನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಅವಳ ಉದ್ದೇಶ ಹಾಗಿರಲಿಲ್ಲವೆಂದು ನನಗೆ ಗೊತ್ತು.

ಅವಳು ಚಳಿಗಾಲದ ಬೂಟುಗಳನ್ನು ಬಿಟ್ಟು ಹೋಗಿದ್ದಾಳೆ. ಈಗ ಹಾಕಿಕೊಂಡಿರುವುದು ನೀರು ಹಿಡಿಯುವಂಥದು. ಇಲ್ಲಿರುವುದರ ಅಟ್ಟೆ ಸವೆದಿತ್ತು, ನಾನು ಹೊಸದು ಹಾಕಿಸಿಟ್ಟಿದ್ದೇನೆ. ಅವಳ ವಿಳಾಸ ನಿನ್ನಲ್ಲಿದ್ದರೆ ತಿಳಿಸು, ನಾನೇ ತೆಗೆದುಕೊಂಡು ಹೋಗಿ ಕೊಡುತ್ತೇನೆ. ಅವಳಿಗೂ ನಾನು ಹೋಗುವುದೇ ಇಷ್ಟವಾಗುತ್ತದೆ. ಕೇಳಲು ಸಂಕೋಚಪಡುತ್ತಿದ್ದಾಳೆ, ಅಷ್ಟೇ.

ನಾನು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಹದಿನೆಂಟು ವರ್ಷ ಅವಳಿಗೆ ಏನು ಬೇಕೆಂಬುದನ್ನು ಅವಳಿಗಿಂತ ಮೊದಲೇ ತಿಳಿದು ನಡೆದುಕೊಂಡಿದ್ದೇನೆ. ಎಲ್ಲಿ ತಪ್ಪಿದೆನೆಂದು ಪ್ರತಿದಿನ ಬೆಳಗ್ಗೆ ಕುಳಿತು ಯೋಚಿಸುತ್ತೇನೆ, ಸಿಗುವುದಿಲ್ಲ. ಮನೆ ತೀರ ನಿಶ್ಶಬ್ದವಾಗಿದೆ. ಅವಳು ಮಾತಾಡುವವಳಲ್ಲ, ಆದರೂ.

ನಿನ್ನ ಹಿತವನ್ನು ಬಯಸುವ,
ಹಿಲ್ಡಿಂಗ್

•

ಸೊಲೆಫ್ಟೆಯೊ
19 ಮಾರ್ಚ್ 1989

ಇಂಗೆಲಾ,

ಅವರು ಬರೆದ ಕಾಗದವನ್ನು ನೀನು ಮರಿತಾ ಕೈಲಿ ನನಗೆ ಕಳಿಸಿದೆ, ಉತ್ತರ ಕೊಡಲೋ ಬೇಡವೋ ಎಂದು ಕೇಳಿದೆ. ಕೇಳಿದ್ದು ಒಳ್ಳೆಯದಾಯಿತು. ನೀನು ಕೊಡಬೇಡ. ನಾನೇ ಅವರಿಗೆ ನಾಲ್ಕು ಸಾಲು ಬರೆದಿದ್ದೇನೆ. ಬೂಟು ಇಲ್ಲಿ ಹೊಸದು ಕೊಂಡೆ.

ನಾನು ಹೊರಟ ಬಗೆ ಹೇಳುತ್ತೇನೆ, ನೀನು ಏನೇನೋ ಊಹಿಸಿಕೊಂಡಿರುತ್ತೀಯ. ಸೋಮವಾರ ಬೆಳಗ್ಗೆ ತಿಂಡಿಗೆ ಕೂತಿದ್ದೆವು. "ಹಿಲ್ಡಿಂಗ್, ನಾನು" ಎಂದೆ. "ಪರದೆ ಬಟ್ಟೆ ನೋಡಬೇಕು ಅಂತೀಯ, ಶನಿವಾರ ಹೋಗೋಣ" ಎಂದರು. ಅವರು ಪೂರ್ತಿ ಮುಗಿಸುವವರೆಗೆ ಕಾದೆ. ಪರದೆಯ ಬಣ್ಣ, ಅಂಗಡಿ, ಎಲ್ಲ ಆಯಿತು. ಆಮೇಲೆ, "ಅಲ್ಲ. ನಾನು ಮನೆ ಬಿಟ್ಟು ಹೋಗ್ತಿದೀನಿ ಅಂತ ಹೇಳೋಕೆ ಬಂದೆ" ಎಂದೆ. "ನಿನಗೆ ದಣಿವಾಗಿದೆ" ಎಂದರು. "ಹೌದು, ದಣಿವೂ ಆಗಿದೆ" ಎಂದೆ.

ಅವರು ಅತ್ತರು. ಅವರು ಅಳುವುದನ್ನು ನಾನು ನೋಡಿರಲಿಲ್ಲ. ಸಮಾಧಾನ ಮಾಡಲು ಕೈ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಅದೊಂದೇ ನನಗೆ ಕಷ್ಟವಾದದ್ದು. ಸೂಟ್‌ಕೇಸಿನ ಹಿಡಿ ಸಡಿಲವಾಗಿತ್ತು, ನಾನು ಹಗ್ಗ ಕಟ್ಟಿದ್ದೆ. ಬಸ್ ನಿಲ್ದಾಣದ ತನಕ ಅವರೇ ಹೊತ್ತು ತಂದರು. ಬೇಡ ಎಂದರೂ ಬಿಡಲಿಲ್ಲ. ನಿಲ್ದಾಣದಲ್ಲಿ ನನ್ನ ಗಂಟು ಬಿಚ್ಚಿ ತಾವೇ ಇನ್ನೊಂದು ಗಂಟು ಹಾಕಿದರು. ನನ್ನ ಗಂಟು ಚೆನ್ನಾಗಿಯೇ ಇತ್ತು. ಬಸ್ಸು ಹೊರಟ ಮೇಲೆ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಹಸಿವಾಯಿತು. ಬ್ರೆಡ್ಡು ತಿಂದೆ.

ಇಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಉದ್ದಗಿಡ್ಡ ಸರಿಮಾಡಿ ಹೊಲಿದುಕೊಡುವ ಕೆಲಸ. ಕೋಣೆ ಚಿಕ್ಕದು, ಹೊಳೆ ಕಾಣುತ್ತದೆ. ಮೊದಲ ವಾರ ಏನು ಅಡಿಗೆ ಮಾಡಬೇಕೆಂದು ತೋಚದೆ ದಿನಾ ಆಲೂಗಡ್ಡೆ ತಿಂದೆ. ಏನು ಇಷ್ಟವೆಂದು ನನಗೇ ಮರೆತುಹೋಗಿದೆ, ಒಂದೊಂದಾಗಿ ಮಾಡಿ ನೋಡುತ್ತಿದ್ದೇನೆ. ಈಸ್ಟರ್‌ಗೆ ಬರುತ್ತೇನೆಂದು ಬರೆದಿದ್ದೀಯ. ಈ ಸಲ ಬೇಡ, ಒಬ್ಬಳೇ ಇರುತ್ತೇನೆ. ಮೇ ತಿಂಗಳಲ್ಲಿ ಬಾ. ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಬರೆದು ತಿಳಿಸು, ಓದುತ್ತೇನೆ.

ನಿನ್ನ ಪುಟವನ್ನು ನನ್ನ ಜತೆಗೇ ತಂದೆ. ಆ ಆಲ್ವಿಲ್ಡ್ ಬಗ್ಗೆ ಹೊಲಿಯುವಾಗ ಯೋಚಿಸುತ್ತಿರುತ್ತೇನೆ. ಖಾಲಿ ಜಾಗದಲ್ಲಿ ಅವಳ ಬಾಯಿಗೆ ದೊಡ್ಡ ಮಾತೇನೂ ಹಾಕಬೇಡ. ದೊರೆಯ ಗುಟ್ಟು, ಅವನನ್ನು ಸೋಲಿಸುವ ಉಪಾಯ, ಅಂಥದ್ದು ಯಾವುದೂ ಬೇಡ. ನಿನ್ನ ಆಟದವರ ಬಗ್ಗೆ ಆಮೇಲೆ ಬರೆದಿದ್ದೆಯಲ್ಲ, ಆ ಅಂಚೆಯವರು ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾರೆ, ಆದರೆ ಅಷ್ಟು ವರ್ಷ ಯಾರೂ ಕೇಳದಿದ್ದವಳಿಗೆ ಉತ್ತರ ನಾಲಿಗೆ ತುದಿಯಲ್ಲಿ ಇರುವುದಿಲ್ಲ. ಅವಳು ಹೊರಗೆ ನೋಡುತ್ತಾ ಕೂತಿರುತ್ತಾಳೆ, ಬಹಳ ಹೊತ್ತು. ನಿನ್ನ ಆಟ ಆಡುವವರು ಆಗ ಏನೂ ಮಾಡಬಾರದು. ದಾಳ ಉರುಳಿಸಬಾರದು, ಸಲಹೆ ಕೊಡಬಾರದು, ಆ ಟೊರ್ಕೆಲ್ ಬಾಯಿ ಹಾಕಬಾರದು. ಇದನ್ನು ಪುಸ್ತಕದಲ್ಲಿ ನಿಯಮವೆಂದೇ ಬರಿ.

ಅವರು ಕಾಯಲಿ.

ನಿನ್ನ ಅಮ್ಮ,
ದಾಗ್ನಿ